ನಿವೃತ್ತರ ಯಾತ್ರೆ

ನಿವೃತ್ತಿಯೆಂಬ ಶಬ್ದಕ್ಕೆ ಶಾಸ್ತ್ರದಲ್ಲಿರುವ ಅರ್ಥ ಬೇರೆ, ಕಚೇರಿಯ ಕಾಗದದಲ್ಲಿರುವ ಅರ್ಥ ಬೇರೆ. ವಿಷಯಗಳ ಕಡೆಗೆ ಹರಿಯುವ ಮನಸ್ಸು ಹಿಂದಿರುಗುವುದನ್ನು ಶಾಸ್ತ್ರವು ನಿವೃತ್ತಿಯೆಂದು ಕರೆಯುತ್ತದೆ. ಅರುವತ್ತು ವರ್ಷ ತುಂಬಿದ ತಿಂಗಳಿನ ಕಡೆಯ ದಿನ ನೌಕರನು ಕುರ್ಚಿಯನ್ನು ಬಿಟ್ಟೇಳುವುದನ್ನು ಕಚೇರಿಯು ನಿವೃತ್ತಿಯೆನ್ನುತ್ತದೆ. ಮೊದಲನೆಯದು ಸಾಧನೆಯಿಂದ ಬರತಕ್ಕದ್ದು. ಎರಡನೆಯದಕ್ಕೆ ಪಂಚಾಂಗವೊಂದು ಸಾಕು. ಆ ದಿನ ಶಾಲು, ಹಾರ, ಫಲತಾಂಬೂಲ, ನಾಲ್ಕು ಒಳ್ಳೆಯ ಮಾತು ಇಷ್ಟನ್ನು ಪಡೆದು ಮನೆಗೆ ಬಂದ ಮನುಷ್ಯನು ಮರುದಿನ ಬೆಳಿಗ್ಗೆ ಮಿಂದು ಮಡಿಯುಟ್ಟು, ಎತ್ತ ಹೋಗಬೇಕೆಂಬುದು ತೋರದೆ ಅಂಗಳದಲ್ಲಿ ನಿಲ್ಲುತ್ತಾನೆ. ಆಗ ಹುಟ್ಟುವುದು ಯಾತ್ರೆಯ ಸಂಕಲ್ಪ. ಇಷ್ಟು ದಿನ ದುಡಿದದ್ದಾಯಿತು, ಇನ್ನು ಇಬ್ಬರೂ ಕೂಡಿ ನಾಲ್ಕು ಊರು ನೋಡಿಕೊಂಡು, ಬಂಧುಬಳಗ ಸ್ನೇಹಿತರನ್ನು ಕಂಡು ಬರೋಣ ಎಂದು ಧರ್ಮಪತ್ನಿಗೆ ಹೇಳುತ್ತಾನೆ. ಸಂಕಲ್ಪವೇನೋ ಒಳ್ಳೆಯದೇ. ಆದರೆ ಆ ಯಾತ್ರೆಯಲ್ಲಿ ದಂಪತಿಗಳ ಸಂಗಡ ಏನೇನು ಹೊರಡುತ್ತದೆ, ಯಾವುದನ್ನು ಅವರು ಮನೆಯಲ್ಲಿ ಇಳುಹಿ ಹೋಗುತ್ತಾರೆ ಎಂಬುದು ವಿಚಾರಮಾಡತಕ್ಕ ವಿಷಯ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳು ೨೦೨೧ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿವೆ. ಇವುಗಳಲ್ಲಿ ಹರಪನಹಳ್ಳಿಯ ವೃದ್ಧರ ಪ್ರವಾಸಕಥೆಯೊಂದು ವಿನೋದವಾದುದು. ೧೯೫೩ಕ್ಕೆ ಮುಂಚೆ ಅಲ್ಲಿ ಜನಿಸಿದವರು ಮದರಾಸಿನ ಆಡಳಿತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಕಣ್ದೆರೆದರು. ಆ ವರ್ಷದ ಅಕ್ಟೋಬರಿನಲ್ಲಿ ಮೈಸೂರು ರಾಜ್ಯದವರಾದರು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯವರಾದರು. ೨೦೧೮ರಲ್ಲಿ ಮರಳಿ ಬಳ್ಳಾರಿಯವರಾಗಿ, ೨೦೨೧ರಲ್ಲಿ ವಿಜಯನಗರದವರಾದರು. ಹೊಸ್ತಿಲು ದಾಟದೆಯೇ ಇಷ್ಟು ಜಿಲ್ಲೆಗಳನ್ನು ಕಂಡವರಿಗೆ ಬೇರೆ ಪ್ರವಾಸವೇಕೆ ಎಂದು ಯಾರಾದರೂ ಹಾಸ್ಯಮಾಡಬಹುದು. ಗಡಿಗಳು ಸ್ಥಾವರವೆಂದು ತಿಳಿದವರು ಈ ಒಂದು ತಾಲ್ಲೂಕಿನ ಚರಿತ್ರೆಯನ್ನು ಓದಿಕೊಂಡರೆ ಸಾಕು.

ಈ ಸೀಮೆಯಲ್ಲಿ ನೋಡತಕ್ಕ ಸ್ಥಳಗಳಿಗೆ ಕೊರತೆಯಿಲ್ಲ. ಹರಪನಹಳ್ಳಿಗೆ ಸಮೀಪದ ಬಾಗಳಿಯಲ್ಲಿ ಚಾಲುಕ್ಯರ ಕಾಲದ ಕಲ್ಲೇಶ್ವರ ದೇವಾಲಯವಿದೆ. ಅದರ ಮಂಟಪದ ಕಂಬಗಳ ನುಣುಪನ್ನು ಕಂಡವರು ಅದು ಕಲ್ಲೇ ಹೌದೆಂದು ನಂಬುವುದಕ್ಕೆ ಕೈಯಿಟ್ಟು ಮುಟ್ಟುತ್ತಾರೆ. ನೀಲಗುಂದದಲ್ಲಿ ಭೀಮೇಶ್ವರನಿದ್ದಾನೆ, ಉಚ್ಚಂಗಿದುರ್ಗದಲ್ಲಿ ಕೋಟೆಯಿದೆ, ಉಚ್ಚಂಗೆಮ್ಮನ ಗುಡಿಯಿದೆ, ಮೊಣಕಾಲು ನೋಯದವರಿಗೆ ಮೆಟ್ಟಿಲುಗಳೂ ಇವೆ. ಹಡಗಲಿ ಸೀಮೆಯ ಕುರುವತ್ತಿಯಲ್ಲಿ ತುಂಗಭದ್ರೆಯ ದಡದ ಮಲ್ಲಿಕಾರ್ಜುನ ದೇವಾಲಯವೂ, ಅದರ ಮದನಿಕೆಯರೂ, ಎದುರಿನ ದೊಡ್ಡ ನಂದಿಯೂ ಪ್ರಸಿದ್ಧವಾಗಿವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯು ಹೊಲಗಳ ನೀರಾವರಿಗೆಂದು ಕಟ್ಟಿದ ಕೆರೆ. ಅದರೊಳಗಿನ ಮರಗಳಲ್ಲಿ ಸಾವಿರಾರು ಹಕ್ಕಿಗಳು ಗೂಡುಕಟ್ಟುವ ಕಾರಣ ೨೦೨೪ರಲ್ಲಿ ಅದು ಜಗತ್ತಿನ ಮಹತ್ತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬಹುದೂರದಿಂದ ಬರುವ ಆ ಹಕ್ಕಿಗಳಿಗೆ ಗಂಟುಮೂಟೆಯ ತೊಂದರೆಯಿಲ್ಲ. ಕೂಡ್ಲಿಗಿಯಲ್ಲಿ ಮಹಾತ್ಮಾ ಗಾಂಧಿಯವರ ಚಿತಾಭಸ್ಮವನ್ನು ಇರಿಸಿದ ಸ್ಮಾರಕವಿದೆ. ಅದೇ ತಾಲ್ಲೂಕಿನ ಗುಡೇಕೋಟೆಯಲ್ಲಿ ಪಾಳೆಯಗಾರರ ದುರ್ಗವೂ, ಸುತ್ತಲಿನ ಕಲ್ಲುಗುಡ್ಡಗಳಲ್ಲಿ ಕರಡಿಗಳೂ ಇವೆ.

ಕೊಟ್ಟೂರಿನ ಬಳಿಯ ಉಜ್ಜಿನಿಯು ವೀರಶೈವರ ಪಂಚಪೀಠಗಳಲ್ಲೊಂದು. ಅಲ್ಲಿಯ ಮರುಳಸಿದ್ಧೇಶ್ವರ ದೇವಾಲಯವನ್ನು ಕುರಿತು ಜನರಲ್ಲಿ ಒಂದು ನುಡಿಯುಂಟು: ಹಂಪೆಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕೆಂದು. ಉಜ್ಜಿನಿಯ ಶಿಲ್ಪಿಯು ತನ್ನ ಕೌಶಲವನ್ನೆಲ್ಲ ಒಳಗಿನ ಕಂಬ, ಬಾಗಿಲುವಾಡ, ಮೇಲ್ಛಾವಣಿಗಳಲ್ಲಿ ಇರಿಸಿದನೆಂಬುದು ಅದರ ವಾಚ್ಯಾರ್ಥ. ಆದರೆ ಆ ದೇವಾಲಯಕ್ಕೆ ಹೋದ ಪ್ರವಾಸಿಗರಲ್ಲಿ ಅನೇಕರು ಹೊರಗೆ ನಿಂತು ಭಾವಚಿತ್ರ ತೆಗೆಯಿಸಿಕೊಂಡು, ಒಳಗೆ ಕತ್ತಲೆಯೆಂದು ಬೇಗನೆ ಹೊರಟುಬರುವುದನ್ನು ಈಗಲೂ ಕಾಣಬಹುದು. ಒಳಗಿನ ಚಿತ್ತಾರವು ಕಾಣಬೇಕಾದರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಸುಮ್ಮನೆ ನಿಲ್ಲಬೇಕು. ಅಷ್ಟು ಹೊತ್ತು ನಿಲ್ಲುವ ವ್ಯವಧಾನವು ಯೌವನದಲ್ಲಿ ಇಲ್ಲದಿದ್ದರೆ ಕ್ಷಮ್ಯ. ಪಿಂಚಣಿ ಬರುವ ಕಾಲದಲ್ಲಿಯೂ ಇಲ್ಲದಿದ್ದರೆ ಮತ್ತೆ ಯಾವಾಗ?

ಇಲ್ಲೊಂದು ಶಂಕೆ ಹುಟ್ಟುವುದು ಸಹಜ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದ ವೀರಶೈವನಿಗೆ ಕ್ಷೇತ್ರಯಾತ್ರೆಯ ಅವಶ್ಯಕತೆಯೇನು? ಲಿಂಗವು ಅವನೊಡನೆಯೇ ನಡೆಯುತ್ತದೆ, ಕುಳಿತರೆ ಕೂಡುತ್ತದೆ, ಮಲಗಿದರೆ ಮಲಗುತ್ತದೆ. ಶಿವನು ಅಲ್ಲಿದ್ದಾನೆ, ಇಲ್ಲಿಲ್ಲವೆಂದು ತಿಳಿದು ಹೊರಡುವವನಿಗೆ ವಚನಕಾರರು ಒಪ್ಪಿಗೆ ಕೊಡಲಾರರು. ಹಾಗಿದ್ದರೂ ಶರಣರು ಕುಳಿತಲ್ಲಿಯೇ ಕುಳಿತವರಲ್ಲ. ಅಕ್ಕಮಹಾದೇವಿಯು ಉಡುತಡಿಯನ್ನು ಬಿಟ್ಟು ಕಲ್ಯಾಣಕ್ಕೆ ನಡೆದಳು, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದಳು. ಮೋಳಿಗೆಯ ಮಾರಯ್ಯನೂ ಮಹಾದೇವಿಯೂ ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಮಾರಿ ದಾಸೋಹ ನಡೆಯಿಸಿದರೆಂದು ಪುರಾಣಗಳು ಹೇಳುತ್ತವೆ. ಇವರು ನಡೆದದ್ದು ಕಟ್ಟಡಗಳನ್ನು ನೋಡುವುದಕ್ಕಲ್ಲ. ಕಲ್ಯಾಣದಲ್ಲಿ ಶರಣರಿದ್ದರು, ಅವರನ್ನು ಕಾಣುವುದಕ್ಕಾಗಿ ನಡೆದರು. ಆ ದಂಪತಿಗಳ ವೃತ್ತಾಂತದಲ್ಲಿ ಮುಂದೆ ಬರುವ ಪ್ರಸಂಗವೊಂದನ್ನು ಮುಪ್ಪಿನಲ್ಲಿ ಯಾತ್ರೆಗೆ ಹೊರಡುವ ಎಲ್ಲ ಗೃಹಸ್ಥರೂ ತಿಳಿದಿರಬೇಕು. ಮಾರಯ್ಯನು ಕೈಲಾಸಕ್ಕೆ ಹೋಗಬೇಕೆಂಬ ಹಂಬಲವನ್ನು ತೋರಿದಾಗ, ಇಲ್ಲಿಲ್ಲದ ಕೈಲಾಸವು ಮತ್ತೆಲ್ಲಿಂದ ಬಂದಿತೆಂದು ಅವನನ್ನು ತಡೆದು ತಿಳಿವು ಹೇಳಿದವಳು ಮಹಾದೇವಿ. ದೂರದ ಊರಿನ ಹಂಬಲ ಗಂಡನದು, ಹತ್ತಿರದ ಅರಿವು ಹೆಂಡತಿಯದು.

ಇನ್ನು ಹೊರೆಯ ವಿಚಾರ. ನಿವೃತ್ತನಾದ ಗೃಹಸ್ಥನು ಯಾತ್ರೆಗೆ ಒಯ್ಯುವ ಗಂಟುಗಳಲ್ಲಿ ಅತ್ಯಂತ ಭಾರವಾದುದು ಅಧಿಕಾರದ ಗಂಟು. ಮೂವತ್ತೈದು ವರ್ಷ ಹಾಜರಿಯನ್ನು ಕೇಳಿದ ಬಾಯಿ ಬೀಗರ ಮನೆಯಲ್ಲಿಯೂ ಹಾಜರಿಯನ್ನೇ ಕೇಳುತ್ತದೆ. ಹುಡುಗನು ಎಷ್ಟು ಹೊತ್ತಿಗೆ ಎದ್ದನು, ಹೊಲಕ್ಕೆ ಗೊಬ್ಬರವನ್ನು ಏಕೆ ಹಾಕಿಸಲಿಲ್ಲ, ಮನೆಯ ಲೆಕ್ಕ ಬರೆಯುವುದಿಲ್ಲವೇಕೆ ಎಂದು ಪಡಸಾಲೆಯಲ್ಲಿ ತನಿಖೆ ನಡೆಯುತ್ತದೆ. ಕಚೇರಿಯು ಕುರ್ಚಿಯನ್ನು ಹಿಂತೆಗೆದುಕೊಂಡಿತು. ಆದರೆ ಈತನು ಅದನ್ನು ಬೆನ್ನಿಗೆ ಕಟ್ಟಿಕೊಂಡು ಊರೂರು ತಿರುಗುತ್ತಾನೆ. ಎರಡನೆಯ ದಿನಕ್ಕೆ ಮನೆಯ ಮಕ್ಕಳು ಹಿತ್ತಲ ಬಾಗಿಲಿನಿಂದ ಓಡಾಡಲು ಆರಂಭಿಸುತ್ತಾರೆ.

ಇಂತಹವರು ಕೊಟ್ಟೂರಿಗೆ ಹೋದಾಗ ಆ ಊರಿನ ಹೆಸರನ್ನು ಕುರಿತ ಐತಿಹ್ಯವನ್ನು ಕೇಳಿ ಬರಬೇಕು. ಆ ಊರು ಹಿಂದೆ ಶಿಖಾಪುರವೆನಿಸಿತ್ತೆಂದೂ, ಅಲ್ಲಿ ನೆಲಸಿದ್ದ ವೀರಭದ್ರನು ಗುರುಬಸವೇಶ್ವರನು ಬಂದಾಗ ತನ್ನ ಸ್ಥಾನವನ್ನು ಅವನಿಗೆ ಬಿಟ್ಟುಕೊಟ್ಟು ಕೊಡದಗುಡ್ಡಕ್ಕೆ ತೆರಳಿದನೆಂದೂ, ಹೀಗೆ ಕೊಟ್ಟ ಊರೇ ಕೊಟ್ಟೂರಾಯಿತೆಂದೂ ಜನರು ಹೇಳುತ್ತಾರೆ. ಶಾಸನಜ್ಞರು ಊರ ಹೆಸರಿಗೆ ಬೇರೆ ವ್ಯುತ್ಪತ್ತಿಯನ್ನು ಹೇಳಿದರೆ ಹೇಳಲಿ. ಐತಿಹ್ಯದ ಸ್ವಾರಸ್ಯಕ್ಕೆ ಅದರಿಂದ ಬಾಧೆಯಿಲ್ಲ. ಉಗ್ರನೆಂದು ಪ್ರಸಿದ್ಧನಾದ ದೈವವು ಬಂದವನಿಗೆ ಸ್ಥಾನವನ್ನು ಕೊಟ್ಟು ಗುಡ್ಡವನ್ನು ಸೇರಿತು. ಗುಡ್ಡದಲ್ಲಿ ಅದರ ಮಹಿಮೆ ಕಡಮೆಯಾಗಲಿಲ್ಲ. ಭಕ್ತರು ಅಲ್ಲಿಗೂ ಹೋಗುತ್ತಾರೆ. ಮಾಘ ಬಹುಳದಲ್ಲಿ ಮೂಲಾ ನಕ್ಷತ್ರದ ಹೊತ್ತಿಗೆ ಕೊಟ್ಟೂರೇಶ್ವರನ ತೇರು ಸಾಗುವಾಗ ದಾವಣಗೆರೆ ಮೊದಲಾದ ಕಡೆಗಳಿಂದ ಕಾಲ್ನಡಿಗೆಯಲ್ಲಿ ಬಂದವರ ಸಮುದ್ರವೇ ಸೇರಿರುತ್ತದೆ. ೨೦೧೭ರ ಫೆಬ್ರವರಿಯಲ್ಲಿ ಆ ಮಹಾರಥವು ಬೀದಿಯಲ್ಲಿಯೇ ಉರುಳಿಬಿದ್ದಿತು. ಜನರು ನಡೆದು ಬರುವುದನ್ನು ಬಿಡಲಿಲ್ಲ. ಹಳೆಯ ತೇರಿನ ಸ್ಥಾನಕ್ಕೆ ಹೊಸ ತೇರು ಬಂದಿತು.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಇನ್ನೊಂದನ್ನು ನೋಡಬಹುದು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವ್ರತದಿಂದಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ಲಕ್ಷೋಪಲಕ್ಷ ಜನರನ್ನು ಒಂದೇ ಕೂಗಿನಿಂದ ಸದ್ದಡಗಿಸಿ, ಒಂದು ಕಾರಣಿಕದ ನುಡಿಯನ್ನು ನುಡಿಯುತ್ತಾನೆ. ನುಡಿದೊಡನೆ ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ. ಕೆಳಗಿನವರು ಅವನನ್ನು ಹಿಡಿದುಕೊಳ್ಳುತ್ತಾರೆ. ಆ ನುಡಿಯ ಅರ್ಥವನ್ನು ವರ್ಷವೆಲ್ಲ ಚರ್ಚಿಸುವವರು ಇತರರು. ನುಡಿದವನಿಗೆ ಬಿಲ್ಲಿನ ಮೇಲೆ ಎರಡನೆಯ ವಾಕ್ಯವಿಲ್ಲ. ಈ ಜಾತ್ರೆಯನ್ನು ನೋಡಿ ಬಂದ ನಿವೃತ್ತ ಅಧಿಕಾರಿಯು ಬಿಲ್ಲಿನ ಎತ್ತರ ಎಷ್ಟು ಅಡಿಯೆಂಬುದನ್ನು ಮಾತ್ರ ನೆನಪಿಟ್ಟುಕೊಂಡರೆ ಬಸ್ಸಿನ ಹಣ ವ್ಯರ್ಥ.

ಇದು ಪತಿಯ ಹೊರೆಯಾಯಿತು. ಪತ್ನಿಯ ಹೊರೆ ಯಾವುದು? ಇದನ್ನು ಕುರಿತು ಯಾತ್ರೆಯ ಪುಸ್ತಕಗಳು ಏನನ್ನೂ ಹೇಳುವುದಿಲ್ಲ. ಗಂಡನಿಗೆ ಅರುವತ್ತಕ್ಕೆ ನಿವೃತ್ತಿಯಾಯಿತು. ಆದರೆ ಅದೇ ದಿನ ಮನೆಯಲ್ಲಿ ಒಲೆಯ ಮುಂದಿದ್ದವಳಿಗೆ ಶಾಲು ಹೊದಿಸಿದವರುಂಟೆ? ಆಕೆಗೆ ಪಿಂಚಣಿಯೂ ಇಲ್ಲ, ಬೀಳ್ಕೊಡುಗೆಯೂ ಇಲ್ಲ. ಗಂಡನು ಹಗಲೆಲ್ಲ ಮನೆಯಲ್ಲಿಯೇ ಇರತೊಡಗಿದ ಕಾರಣ ಚಹದ ಲೆಕ್ಕ ಮೊದಲಿಗಿಂತ ಹೆಚ್ಚಾಗಿರುತ್ತದೆ. ಯಾತ್ರೆಗೆ ಹೊರಡೋಣವೆಂದಾಗ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ, ಬುತ್ತಿ ಕಟ್ಟುವವಳು ಆಕೆಯೇ. ನೆಂಟರ ಮನೆಗೆ ಹೋದರೆ ಪಡಸಾಲೆಯಲ್ಲಿ ಕುಳಿತುಕೊಳ್ಳುವವನು ಪತಿ. ಪತ್ನಿಯು ಸೆರಗನ್ನು ಸಿಕ್ಕಿಸಿಕೊಂಡು ಒಳಗೆ ಹೋಗುತ್ತಾಳೆ. ಹತ್ತು ಊರುಗಳನ್ನು ನೋಡಿಬಂದ ಮೇಲೆ ಆಕೆಯನ್ನು ಕೇಳಿದರೆ, ಹತ್ತು ಅಡುಗೆಮನೆಗಳ ವರ್ಣನೆ ದೊರಕುತ್ತದೆ.

೨೦೨೩ರ ಜೂನ್ ತಿಂಗಳಿನಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ಹಣವಿಲ್ಲದೆ ಪ್ರಯಾಣಮಾಡಬಹುದಾಗಿದೆ. ನಿರ್ವಾಹಕನು ಆಕೆಗೆ ಸೊನ್ನೆ ರೂಪಾಯಿಯ ಟಿಕೇಟನ್ನು ಹರಿದುಕೊಡುತ್ತಾನೆ. ಹಿರಿಯ ನಾಗರಿಕನೆಂಬ ರಿಯಾಯಿತಿ ಕಳೆದು ಉಳಿದ ಹಣವನ್ನು ಗಂಡನು ತೆರುತ್ತಾನೆ. ಶೂನ್ಯವೆಂಬುದು ಅಲ್ಲಮಪ್ರಭುಗಳ ಪರಿಭಾಷೆಯಲ್ಲಿ ಪರಮಪದವನ್ನು ಹೇಳುವ ಶಬ್ದ. ಬಸ್ಸಿನ ಟಿಕೇಟಿನಲ್ಲಿಯೂ ಅದಕ್ಕೆ ಕೊಂಚ ಮಹಿಮೆ ಬಂದಿದೆಯೆನ್ನಬೇಕು. ತವರಿಗೆ ಹೋಗಬೇಕಾದರೆ ಗಂಡನ ಕಿಸೆಯನ್ನು ನೋಡಬೇಕಾಗಿದ್ದವಳು ಈಗ ಅಕ್ಕನನ್ನು ಕಾಣಲು ಹರಪನಹಳ್ಳಿಗೆ ತಾನೇ ಹೋಗಿಬರುತ್ತಾಳೆ. ಸರಕಾರದ ಖಜಾನೆಯ ಲೆಕ್ಕವನ್ನು ಬಲ್ಲವರು ಇದರ ಸಾಧಕಬಾಧಕಗಳನ್ನು ಚರ್ಚಿಸಲಿ. ಟಿಕೇಟಿನ ಹಣವು ಉಳಿಯಿತು. ಒಲೆಯಿಂದ ಬಿಡುವನ್ನು ಸರಕಾರವು ಕೊಡಲಾರದು, ಅದನ್ನು ಮನೆಯ ಯಜಮಾನನೇ ಕೊಡಬೇಕು.

ಮೈಸೂರಿನ ಕೃಷ್ಣಕುಮಾರರೆಂಬವರ ಯಾತ್ರೆಯ ಸಂಗತಿಯು ನಾಡಿನ ಪತ್ರಿಕೆಗಳಲ್ಲಿ ಬಂದಿದೆ. ಅವರ ತಾಯಿ ಚೂಡಾರತ್ನಮ್ಮನವರು ದೊಡ್ಡ ಕೂಡುಕುಟುಂಬದ ಅಡುಗೆಮನೆಯಲ್ಲಿಯೇ ಆಯುಷ್ಯವನ್ನು ಕಳೆದವರು. ಪತಿಯು ಕಾಲವಾದ ಬಳಿಕ ಮಗನು, ಆ ಊರನ್ನು ನೋಡಿದ್ದೀಯಾ, ಈ ಊರನ್ನು ನೋಡಿದ್ದೀಯಾ ಎಂದು ಕೇಳಲು, ಸಮೀಪದ ದೇವಾಲಯಗಳನ್ನು ಸಹ ತಾನು ನೋಡಿಲ್ಲವೆಂದು ತಾಯಿ ಹೇಳಿದರು. ಮಗನು ನೌಕರಿಯನ್ನು ಬಿಟ್ಟು, ತಂದೆಯು ಕೊಡಿಸಿದ್ದ ಹಳೆಯ ಸ್ಕೂಟರಿನ ಹಿಂಬದಿಯಲ್ಲಿ ತಾಯಿಯನ್ನು ಕುಳ್ಳಿರಿಸಿಕೊಂಡು ೨೦೧೮ರ ಜನವರಿಯಲ್ಲಿ ಹೊರಟು, ಭಾರತವನ್ನೆಲ್ಲ ಸುತ್ತಿ, ನೇಪಾಳ, ಭೂತಾನ, ಮ್ಯಾನ್ಮಾರ್ ದೇಶಗಳ ತನಕ ಹೋದರು. ಆ ಮಗನ ಮಾತೃಸೇವೆಯನ್ನು ಎಲ್ಲರೂ ಕೊಂಡಾಡಿದರು, ಕೊಂಡಾಡತಕ್ಕದ್ದೇ. ಆದರೆ ಈ ಕಥೆಯನ್ನು ಗಂಡಂದಿರು ಓದಬೇಕಾದ ರೀತಿ ಬೇರೆ. ತಂದೆಯ ಸ್ಕೂಟರು ಯಾತ್ರೆಗೆ ಬಂದಿತು, ತಂದೆ ಬರಲಿಲ್ಲ. ಎಲ್ಲ ತಾಯಂದಿರಿಗೂ ಅಂತಹ ಮಗನು ದೊರೆಯುವನೆಂಬ ಭರವಸೆಯೂ ಇಲ್ಲ. ಆದಕಾರಣ ಕಾಲು ಗಟ್ಟಿಯಿರುವಾಗಲೇ, ಇಬ್ಬರೂ ಇರುವಾಗಲೇ, ಕೇಳಬೇಕಾದ ಪ್ರಶ್ನೆಯನ್ನು ಕೇಳಿಬಿಡುವುದು ಒಳ್ಳೆಯದು: ನಿನಗೆ ಎಲ್ಲಿಗೆ ಹೋಗಬೇಕೆಂದಿದೆ?

ಬಂಧುಗಳ ಮನೆಯಲ್ಲಿ ಉಳಿದುಕೊಳ್ಳುವ ಬಗೆಯನ್ನು ಆಯ್ದಕ್ಕಿ ಲಕ್ಕಮ್ಮನಿಂದ ಕಲಿಯಬೇಕು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಪತಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ತಮಗೆ ಬೇಕಾದಷ್ಟಕ್ಕೆ ಮೀರಿದ ಅಕ್ಕಿಯು ತಮ್ಮದಲ್ಲವೆಂದು ಆಕೆ ಅವನನ್ನು ಬಂದ ದಾರಿಯಲ್ಲಿಯೇ ಹಿಂದಿರುಗಿಸಿದಳು. ಎರಡು ದಿನಕ್ಕೆಂದು ಬಂದು ಹನ್ನೆರಡು ದಿನ ಉಳಿಯುವ ನೆಂಟರು ಈ ಕಥೆಯನ್ನು ಹರಿಕಥೆಯಲ್ಲಿ ಕೇಳಿ ತಲೆದೂಗುತ್ತಾರೆ. ಮುಂಗಾರು ಬಿತ್ತನೆಯ ವಾರದಲ್ಲಿ ಒಕ್ಕಲಿಗನ ಮನೆಗೆ ಹೋಗಿ, ಹಾಸಿಗೆ, ಬಿಸಿನೀರು, ಹೊತ್ತಿಗೊಂದು ಊಟವೆಂದು ಮನೆಯವರ ಕಾಯಕವನ್ನು ಕೆಡಿಸುವುದು ಭಕ್ತನಿಗೆ ತಕ್ಕುದಲ್ಲ. ಜಂಗಮನು ಬಂದ ಮನೆಯವರಿಗೆ ಅವನು ಇನ್ನೆರಡು ದಿನ ಇದ್ದರಾಗಿತ್ತೆಂದು ಅನ್ನಿಸುವಾಗಲೇ ಅವನು ಹೊರಟಿರುತ್ತಾನೆ. ಜೋಳದ ರೊಟ್ಟಿಯಾಗಲಿ, ಮಂಡಕ್ಕಿಯಾಗಲಿ, ಇಟ್ಟದ್ದನ್ನು ಪ್ರಸಾದವೆಂದು ಕೈಕೊಳ್ಳುವವನಿಗೆ ಯಾವ ಮನೆಯೂ ಬಡಮನೆಯಲ್ಲ.

ಇಷ್ಟನ್ನೆಲ್ಲ ಆಚರಿಸಿದವರೂ ಎಡವುವ ಸ್ಥಳವೊಂದಿದೆ. ಕೂಡ್ಲಿಗಿಯಲ್ಲಿ ನಿವೃತ್ತರಾದ ಒಬ್ಬ ಉಪಾಧ್ಯಾಯರನ್ನೂ ಅವರ ಪತ್ನಿಯನ್ನೂ ಇಲ್ಲಿ ಭಾವಿಸಿಕೊಳ್ಳಬಹುದು. ಸಜ್ಜನರು, ಪೂಜಾನಿಷ್ಠರು. ಉಜ್ಜಿನಿಯನ್ನು ಒಳಗೆ ನಿಂತು ನೋಡಿದವರು. ಮೈಲಾರಕ್ಕೆ ಹೋದರು, ಕುರುವತ್ತಿಗೆ ಹೋದರು. ಹೋಗುವಾಗಲೂ ಬರುವಾಗಲೂ ಬಸ್ಸು ಹಡಗಲಿಯಲ್ಲಿ ಕಾಲು ಗಂಟೆ ನಿಂತಿತು. ನಿಲ್ದಾಣದಿಂದ ನಾಲ್ಕು ಬೀದಿಯಾಚೆ ಅವರ ಒಡಹುಟ್ಟಿದ ತಮ್ಮನ ಮನೆ. ತಂದೆಯ ಹೊಲದ ಒಂದು ಬದುವಿನ ವ್ಯಾಜ್ಯದಲ್ಲಿ ಮಾತು ನಿಂತು ಹದಿನೆಂಟು ವರ್ಷ. ಉಪಾಧ್ಯಾಯರು ಕಿಟಕಿಯ ಕಡೆಗೆ ನೋಡದೆ ಪತ್ರಿಕೆಯನ್ನು ಓದುತ್ತಿದ್ದರು. ಪತ್ನಿಯು ಬುಟ್ಟಿಯ ಹೂವಾಡಗಿತ್ತಿಯಿಂದ ಎರಡು ಮೊಳ ಹಡಗಲಿಯ ಮಲ್ಲಿಗೆಯನ್ನು ಕೊಂಡು, ಮುಡಿಯದೆ ಉಡಿಯಲ್ಲಿ ಇಟ್ಟುಕೊಂಡರು.

ಈ ಕಾಲು ಗಂಟೆಯಲ್ಲಿಯೇ ಅವರ ಯಾತ್ರೆಯ ಸಫಲತೆಯೂ ವಿಫಲತೆಯೂ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು. ಕುರುವತ್ತಿಯ ನಂದಿಯು ಬರುವ ವರ್ಷವೂ ಅಲ್ಲಿಯೇ ಇರುತ್ತದೆ; ಒಂಬೈನೂರು ವರ್ಷ ಇದ್ದದ್ದು ಇನ್ನೊಂದು ವರ್ಷಕ್ಕೆ ಎಲ್ಲಿಗೂ ಹೋಗದು. ಅರುವತ್ತು ದಾಟಿದ ಅಣ್ಣತಮ್ಮಂದಿರ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಸ್ಥಾವರಕ್ಕೆ ಅಳಿವುಂಟು, ಆದರೆ ಅದು ನಿಧಾನ. ನಡೆದಾಡುವ ದೇಹಕ್ಕೆ ಅಳಿವು ಬರುವುದು ಒಂದು ರಾತ್ರಿಯಲ್ಲಿ. ಆಮೇಲೆ ಅದೇ ಬಸ್ಸಿನಲ್ಲಿ ಅದೇ ಮನೆಗೆ ಬರುವುದಾದರೂ ತಪ್ಪದು. ಆಗ ಮಾತನಾಡಬೇಕಾದವನು ಮಾತನಾಡುವುದಿಲ್ಲ. ಬದುವಿನ ಅಳತೆಯಲ್ಲಿ ಅಣ್ಣನೇ ಸರಿಯಿರಬಹುದು. ನ್ಯಾಯಾಲಯದ ತೀರ್ಪಿನ ನಕಲು ಅವನ ಪೆಟ್ಟಿಗೆಯಲ್ಲಿಯೇ ಇರಬಹುದು. ಆ ನಕಲನ್ನು ಯಾತ್ರೆಗೆ ಒಯ್ಯಬಾರದು.

ಪತ್ನಿಯು ಉಡಿಯ ಹೂವನ್ನು ತೋರಿಸಿ, ಇದನ್ನು ತಂಗಿಗೆ ಕೊಟ್ಟು ಬರುತ್ತೇನೆಂದು ಎದ್ದರೆ ಉಪಾಧ್ಯಾಯರು ಏನು ಮಾಡಿಯಾರು? ಬಸ್ಸಿನಲ್ಲಿ ಒಬ್ಬರೇ ಕುಳಿತಿರಲಾರರು. ಚೀಲವನ್ನು ತೆಗೆದುಕೊಂಡು ಹಿಂದೆ ಬರುತ್ತಾರೆ. ಬಾಗಿಲು ತೆರೆದವಳು ತಮ್ಮನ ಹೆಂಡತಿ. ಕ್ಷಣಹೊತ್ತು ಯಾರಿಗೂ ಮಾತು ಹೊರಡುವುದಿಲ್ಲ. ಬಳಿಕ ಆಕೆ ತಂಬಿಗೆಯಲ್ಲಿ ಕಾಲಿಗೆ ನೀರು ತರುತ್ತಾಳೆ, ಅಕ್ಕನು ರೂಢಿಯಂತೆ ಒಳಗೆ ಹೋಗಲು ಸೆರಗು ಸಿಕ್ಕಿಸಿದರೆ ಕೈಹಿಡಿದು ನಿಲ್ಲಿಸುತ್ತಾಳೆ: "ಅಕ್ಕಾ, ಈವತ್ತು ನೀನು ಒಲಿ ಮುಂದ ಬರಬ್ಯಾಡ. ಕುಂದ್ರು." ಹೊಲದಿಂದ ಬಂದ ತಮ್ಮನು ಅಣ್ಣನ ಪಾದಕ್ಕೆರಗಿ, ಕಂಬಕ್ಕೊರಗಿ ಕೂಡುತ್ತಾನೆ. ಹದಿನೆಂಟು ವರ್ಷದ ಮಾತು ಒಂದೇ ಸಂಜೆಗೆ ಬರುವುದಿಲ್ಲ. ಈ ಸಲದ ಮಳೆ, ತಮ್ಮನ ಮೊಣಕಾಲಿನ ನೋವು, ಯಾರ ಮಗಳಿಗೆ ಎಲ್ಲಿ ನೆಂಟಸ್ತಿಕೆಯಾಯಿತು ಎಂಬುದು, ಅಷ್ಟೇ. ಬದುವಿನ ಮಾತನ್ನು ಯಾರೂ ಎತ್ತುವುದಿಲ್ಲ. ರಾತ್ರಿ ಲಿಂಗಪೂಜೆಗೆ ಇಬ್ಬರಿಗೂ ಒಂದೇ ಸಾಲಿನಲ್ಲಿ ಮಣೆ ಹಾಕಿ, ನಡುವೆ ಭಸ್ಮದ ಕರಡಿಗೆಯನ್ನು ಇಟ್ಟಿರುತ್ತಾರೆ. ಊಟವಾದ ಮೇಲೆ, ಬರುವ ಮಾಘದಲ್ಲಿ ಕೊಟ್ಟೂರಿನ ತೇರಿಗೆ ನಾಲ್ವರೂ ಕೂಡಿ ಹೋಗುವುದೆಂದು ಹೆಂಗಸರಿಬ್ಬರು ಒಳಗೆ ಮಾತನಾಡಿಕೊಳ್ಳುವುದು ಪಡಸಾಲೆಗೆ ಕೇಳಿಸುತ್ತದೆ.